ಇಡೀ ರಾತ್ರಿಯ ಆಟ, ಎಷ್ಟು ಜಿಬಿ?

ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳನ್ನು ಎಂಪಿ4 ಮಾಡಿಸಿ ಪೆನ್‌ಡ್ರೈವಿಗೆ ತುಂಬಿಕೊಂಡು, ಕ್ಯಾಸೆಟ್ಟನ್ನು ಗುಜರಿಗೆ ಹಾಕುವವರು ಈಗ ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದ್ದಾರೆ. ಕೇಳಿದರೆ ಸಿಗುವ ಉತ್ತರ ಒಂದೇ: ಹೊಸ ಕೋಡೆಕ್ ಬಂದಿದೆ, ಫೈಲ್ ಚಿಕ್ಕದು, ಕ್ವಾಲಿಟಿ ಹಾಗೇ ಇರುತ್ತದೆ. ಫೋನಿನಲ್ಲಿ ಹಂಚುವ ಪ್ರತಿಗೆ ಈ ಮಾತು ಒಪ್ಪುತ್ತದೆ. ಮೂಲವೆಂದು ಉಳಿಸಿಕೊಳ್ಳುವ ಪ್ರತಿಗೆ ಒಪ್ಪುವುದಿಲ್ಲ.

ಕೋಡೆಕ್ ಎಂದರೆ ವಿಡಿಯೊ ಕುಗ್ಗಿಸಿ, ಮತ್ತೆ ಬಿಡಿಸುವ ವಿಧಾನ. ಈ ವಿದ್ಯೆಯ ಬುಡದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಇದ್ದಾರೆ. ಚಿತ್ರವನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ, ಅದರ ಬೆಳಕಿನ ಏರಿಳಿತವನ್ನು ದಪ್ಪ ಅಲೆ, ಸಣ್ಣ ಅಲೆಗಳಾಗಿ ಬಿಡಿಸಿದರೆ, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಕೈಬಿಡಬಹುದು. ಈ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್‌ನ ಕೆಲಸಕ್ಕೆ ಅವರು ಕೇಳಿದ ಧನಸಹಾಯವನ್ನು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕೊಡಲಿಲ್ಲ. ಆದರೂ 1974ರಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ ಪ್ರಬಂಧ ಪ್ರಕಟಿಸಿದರು. 1988ರ ಎಚ್.261, ಆಮೇಲಿನ ಎಂಪೆಗ್-1, ಎಂಪೆಗ್-2 ಎಲ್ಲವೂ ಅದರ ಮೇಲೆ ನಿಂತವು. ನಮ್ಮ ಕನ್ನಡ ಪುಸ್ತಕಗಳಲ್ಲಿ ಅವರ ಹೆಸರು ಇನ್ನೂ ಹೆಚ್ಚು ಕಾಣಬೇಕಿತ್ತು.

ವಿಸಿಡಿ ಕಾಲದ ಬಗ್ಗೆ ಹೇಳುವುದು ಹೆಚ್ಚಿಲ್ಲ. 352×288ರ ಚಿತ್ರ, ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್. ಕಿರೀಟದ ಕನ್ನಡಿ ಚೂರುಗಳೆಲ್ಲ ಚೌಕ ಚೌಕವಾದವು. ಡಿವಿಡಿ ಬಂದ ಮೇಲೂ, ಎಂಟು ಗಂಟೆಯ ಆಟವನ್ನು 4.7 ಜಿಬಿಯ ಒಂದೇ ತಟ್ಟೆಗೆ ತುರುಕಿದರೆ ಸೆಕೆಂಡಿಗೆ ಸಿಗುವುದು 1.3 ಮೆಗಾಬಿಟ್. ಅಂದರೆ ಮತ್ತೆ ವಿಸಿಡಿಯೇ.

ನಾನು ಕ್ಯಾಮೆರಾ ಹಿಡಿದ ಪೀಳಿಗೆಯದು ಮಿನಿಡಿವಿ. 1995ರಲ್ಲಿ ಬಂದ ಡಿವಿ ಪದ್ಧತಿಯಷ್ಟು ಪ್ರಾಮಾಣಿಕವಾದ ರಾಜಿ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್, ಗಂಟೆಗೆ ಸುಮಾರು 13 ಜಿಬಿ. ಪ್ರತಿ ಫ್ರೇಮನ್ನೂ ಬಿಡಿಯಾಗಿ ಕುಗ್ಗಿಸುತ್ತಿದ್ದರಿಂದ ಟೇಪಿನಲ್ಲಿ ಒಂದೆಡೆ ಕಲೆ ಬಿದ್ದರೆ ಕೆಡುವುದು ಆ ಫ್ರೇಮ್ ಮಾತ್ರ. ಧ್ವನಿಯನ್ನು ಕುಗ್ಗಿಸುತ್ತಲೇ ಇರಲಿಲ್ಲ. 16 ಬಿಟ್, 48 ಕಿಲೊಹರ್ಟ್ಸ್. ಚೆಂಡೆಯ ಪೆಟ್ಟು ಪೆಟ್ಟಾಗಿಯೇ ಕೇಳುತ್ತಿತ್ತು. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಪೆಟ್ಟಿಗೆ ಮುಂಚೆಯೇ ಅದರ ಮಬ್ಬು ಸದ್ದು ಶುರುವಾಗುತ್ತದೆ. ಹಿಮ್ಮೇಳದವರು ಇದನ್ನು ಕೂಡಲೇ ಗುರುತಿಸುತ್ತಾರೆ, ವಿಡಿಯೊದವರು ಗುರುತಿಸುವುದಿಲ್ಲ. ಟೇಪ್ ಉಳಿಸಲು ಹಲವರು ಎಲ್‌ಪಿ ಮೋಡಿನಲ್ಲಿ 60 ನಿಮಿಷದ ಕ್ಯಾಸೆಟ್ಟಿನಿಂದ 90 ನಿಮಿಷ ತೆಗೆದರು. ದಾಖಲಾಗುವ ಮಾಹಿತಿ ಅಷ್ಟೇ, ಆದರೆ ಟೇಪಿನ ಮೇಲಿನ ಗೆರೆ ಕಿರಿದಾಗುತ್ತದೆ. ಅಂಥ ಕ್ಯಾಸೆಟ್‌ಗಳು ಇಂದು ಬೇರೆ ಯಂತ್ರದಲ್ಲಿ ಓಡಲು ತಕರಾರು ಮಾಡುತ್ತವೆ.

ಡಿವಿಯನ್ನು ಫೈರ್‌ವೈರ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಟೇಪಿನಲ್ಲಿದ್ದ ಅಂಕಿಗಳೇ ಇದ್ದಂತೆ ಬರುತ್ತವೆ. ಹಾಗಿದ್ದೂ ಎಷ್ಟೋ ಅಂಗಡಿಗಳಲ್ಲಿ ಅದನ್ನು ಹಳದಿ-ಕೆಂಪು-ಬಿಳಿ ವೈರಿನಲ್ಲಿ ಓಡಿಸಿ ಮತ್ತೆ ಹೊಸದಾಗಿ ಕುಗ್ಗಿಸುತ್ತಾರೆ. ಕಾರಣವೇ ಇಲ್ಲದ ನಷ್ಟವಿದು.

ಆಮೇಲೆ ಎಚ್‌ಡಿವಿ, 2006ರಲ್ಲಿ ಎವಿಸಿಎಚ್‌ಡಿ, ಈಗ ಫೋನು. ಇವೆಲ್ಲ ಒಂದು ಫ್ರೇಮನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತವೆ. ಐಫೋನಿನಲ್ಲಿ ಎಚ್‌ಇವಿಸಿ ಎಂಬ ಕೋಡೆಕ್ಕಿನ 4ಕೆ ಚಿತ್ರೀಕರಣಕ್ಕೆ, ಸೆಕೆಂಡಿಗೆ 30 ಫ್ರೇಮಿನಂತೆ, ನಿಮಿಷಕ್ಕೆ ಸುಮಾರು 170 ಎಂಬಿ, ಗಂಟೆಗೆ 10 ಜಿಬಿ. ಡಿವಿಗಿಂತ 20 ಪಟ್ಟು ಪಿಕ್ಸೆಲ್, ಡಿವಿಗಿಂತ ಚಿಕ್ಕ ಫೈಲ್! ಭಾಗವತರು ಕುಳಿತು ಹಾಡುವಾಗ ಇದು ನಿಜಕ್ಕೂ ಅದ್ಭುತ. ಬಣ್ಣದ ವೇಷ ಪ್ರವೇಶಿಸಿ, ದೊಂದಿಗೆ ರಾಳ ಎರಚಿದಾಗ ಮಾತ್ರ ಕಷ್ಟ ಶುರುವಾಗುತ್ತದೆ. ಕತ್ತಲೆ, ಹೊಗೆ, ಬೆಂಕಿ, ಹೊಳೆಯುವ ಆಭರಣ, ಜೊತೆಗೆ ತೆಂಕಿನ ದಿಗಿಣ ಇಲ್ಲವೇ ಬಡಗಿನ ಮಂಡಿ. ಫ್ರೇಮಿನಿಂದ ಫ್ರೇಮಿಗೆ ಎಲ್ಲವೂ ಬದಲಾಗುವಾಗ ಉಳಿತಾಯಕ್ಕೆ ಎಡೆಯೆಲ್ಲಿ? ಬಿಟ್‌ರೇಟಿಗೆ ಮೇಲ್ಮಿತಿ ಇರುವುದರಿಂದ, ಆಟದ ಅತ್ಯುತ್ತಮ ಗಳಿಗೆಯಲ್ಲೇ ಚಿತ್ರ ಅತಿ ಹೆಚ್ಚು ಸೊರಗುತ್ತದೆ.

ವಿಎಚ್‌ಎಸ್‌ನ ಪ್ರಶ್ನೆಯೇ ಬೇರೆ, ನನ್ನ ಆತಂಕ ಇರುವುದೂ ಅಲ್ಲೇ. ನಮ್ಮ ಪಾಲ್ ಪದ್ಧತಿಯ ವಿಡಿಯೊ ಇಂಟರ್‌ಲೇಸ್ಡ್: ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ), ಒಂದೊಂದು ಫೀಲ್ಡೂ ಬೇರೆ ಕ್ಷಣದ್ದು. ಹಾಗಾಗಿ ಸೆಕೆಂಡಿಗೆ 50 ಸಲ ಕುಣಿತ ದಾಖಲಾಗಿದೆ. ಕ್ಯಾಪ್ಚರ್ ಮಾಡುವಾಗಲೇ ಡಿಇಂಟರ್‌ಲೇಸ್ ಮಾಡಿ 25 ಫ್ರೇಮಿಗೆ ಇಳಿಸಿದರೆ ಚಲನೆಯ ಅರ್ಧ ಭಾಗ ಹೋಯಿತು. ಹೆಜ್ಜೆಯ ಅಧ್ಯಯನಕ್ಕೆ ಬೇಕಾದದ್ದೇ ಆ ಅರ್ಧ. ಮುಂದೆ ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡಲಾರದು. ಊಹಿಸಿ ತುಂಬಿಸಬಹುದು, ಅಷ್ಟೇ.

ಕುಗ್ಗಿಸದೆ ಹಿಡಿದರೆ ಪಾಲ್ ವಿಡಿಯೊ ಗಂಟೆಗೆ ಸುಮಾರು 75 ಜಿಬಿ. ಎಫ್‌ಎಫ್‌ಎಂಪೆಗ್ ಬಳಗದ ಎಫ್‌ಎಫ್‌ವಿ1 ಕೋಡೆಕ್ ಒಂದು ಬಿಟ್ಟೂ ಕಳೆಯದೆ ಅದನ್ನು ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಸುತ್ತದೆ. ಫೈಲ್ ಎಲ್ಲಿ ಕೆಟ್ಟಿದೆ ಎಂಬುದನ್ನೂ ತೋರಿಸಬಲ್ಲದು. ವಿಯೆನ್ನಾದ ಆಸ್ಟ್ರಿಯನ್ ಮೀಡಿಯಾಥೆಕ್ ಇದನ್ನು ಬಹಳ ಮೊದಲೇ ಒಪ್ಪಿಕೊಂಡಿತು. 2021ರಲ್ಲಿ ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಇದರ ವಿವರಣೆಯನ್ನು ಪ್ರಕಟಿಸಿತು. ಎಂಟು ಗಂಟೆಯ ಆಟಕ್ಕೆ 300 ಜಿಬಿ ಎಂದು ಹೌಹಾರಬೇಕಿಲ್ಲ. 4 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಅಂಥ ಹತ್ತಕ್ಕೂ ಹೆಚ್ಚು ಆಟ ಹಿಡಿಯುತ್ತವೆ. ಚಿಕ್ಕ ಎಂಪಿ4 ಬೇಕಾದಾಗ ಅದರಿಂದ ಎಷ್ಟಾದರೂ ಮಾಡಿಕೊಳ್ಳಬಹುದು. ಡಿಸ್ಕು ನಾಳೆಯೂ ಸಿಗುತ್ತದೆ, ವಿಸಿಆರ್ ಸಿಗುವುದಿಲ್ಲ: ಕೊನೆಯದಾಗಿ ಉಳಿದಿದ್ದ ಫುನಾಯ್ ಕಂಪನಿಯೂ 2016ರ ಜುಲೈಯಲ್ಲಿ ಅದರ ತಯಾರಿಕೆ ನಿಲ್ಲಿಸಿತು.

ಇನ್ನೊಂದು ಕೊರತೆಯಿದೆ. ಕೋಡೆಕ್‌ಗಳನ್ನು ತೂಗಿ ನೋಡಲು ಜಗತ್ತು ಬಳಸುವ ತುಣುಕುಗಳಲ್ಲಿ ಸ್ವೀಡಿಷ್ ಟೆಲಿವಿಷನ್ ತೆಗೆದ ಓಟಗಾರರ ಗುಂಪು, ಪಾರ್ಕಿನ ಮರಗಳು ಪ್ರಸಿದ್ಧ. ನೆಟ್‌ಫ್ಲಿಕ್ಸ್ 2016ರಲ್ಲಿ ಹೊರತಂದ ವಿಮ್ಯಾಫ್ ಅಳತೆಗೋಲು ರೂಪುಗೊಂಡದ್ದು ಅವರ ಸಿನಿಮಾ, ಸರಣಿಗಳ ಅಗತ್ಯಕ್ಕೆ. ರಾತ್ರಿಯ ರಂಗಸ್ಥಳಕ್ಕೆ ಅವರ ಅಂಕ ಹೊಂದುತ್ತದೆಂದು ನಾವೇಕೆ ಒಪ್ಪಿಕೊಂಡಿದ್ದೇವೆ? ಒಂದು ಒಡ್ಡೋಲಗ, ಒಂದು ಕಾಳಗ, ಚೆಂಡೆಯ ಒಂದು ಬಿಡ್ತಿಗೆ, ತಲಾ ಅರ್ಧ ನಿಮಿಷ ಸಾಕು. ಇವನ್ನು ನಷ್ಟವಿಲ್ಲದೆ ಹಿಡಿದು, ಮೇಳದವರ ಒಪ್ಪಿಗೆಯೊಂದಿಗೆ ಎಲ್ಲರಿಗೂ ಸಿಗುವಂತೆ ಇಟ್ಟರೆ, ಯಾವ ಸೆಟ್ಟಿಂಗಿನಲ್ಲಿ ಏನು ಕಳೆಯುತ್ತದೆ ಎಂದು ಪ್ರತಿಯೊಬ್ಬ ಕ್ಯಾಮೆರಾದವನೂ ತಾನೇ ನೋಡಿ ತೀರ್ಮಾನಿಸಬಹುದು. ವಿಶ್ವವಿದ್ಯಾಲಯದ ಯಾವುದೇ ಯಕ್ಷಗಾನ ಕೇಂದ್ರ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.