ಬಡವರ ಕಿರಿಯ ಸೋದರಿ ಜೀನ್ ಜುಗಾನ್

ಕೆರೆಯನ್ನು ಕಟ್ಟಿಸಿದವರೂ ಛತ್ರವನ್ನಿಡಿಸಿದವರೂ ತಮ್ಮ ಧರ್ಮಕಾರ್ಯವನ್ನು ಕಲ್ಲಿನ ಮೇಲೆ ಬರೆಯಿಸುವುದು ನಮ್ಮ ನಾಡಿನಲ್ಲಿ ಪುರಾತನ ಕಾಲದಿಂದ ನಡೆದುಬಂದ ರೂಢಿ. ದಾನಿಯ ಹೆಸರು, ಕೊಟ್ಟ ಭೂಮಿಯ ಎಲ್ಲೆ, ಸಾಕ್ಷಿಗಳು, ಕಡೆಯಲ್ಲಿ ಧರ್ಮವನ್ನು ಕೆಡಿಸಿದವರಿಗೆ ಶಾಪ, ಇವಿಷ್ಟೂ ಆ ಕಲ್ಲಿನಲ್ಲಿರುತ್ತವೆ. ಆದರೆ ಧರ್ಮವು ಕೆಡದೆ ನಿಂತು, ಅದನ್ನು ಮಾಡಿದವರ ಹೆಸರು ಮಾತ್ರ ಅಳಿದು, ಆ ಎಡೆಯಲ್ಲಿ ಬೇರೊಬ್ಬರ ಹೆಸರು ಕೊರೆಯಲ್ಪಟ್ಟರೆ ಚರಿತ್ರಕಾರನು ಯಾರ ಮಾತನ್ನು ನಂಬಬೇಕು? ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಇಂಥದೊಂದು ಸಂಗತಿ ನಡೆಯಿತು. ಅದರ ನಾಯಿಕೆ ಓದುಬರಹದಲ್ಲಾಗಲಿ ಕುಲದಲ್ಲಾಗಲಿ ದೊಡ್ಡವಳೆನಿಸದಿದ್ದ ಒಬ್ಬ ಅಡಿಗೆಯ ಆಳು. ಆಕೆಯ ಹೆಸರು ಜೀನ್ ಜುಗಾನ್.

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತದಲ್ಲಿ ಕಾಂಕಾಲ್ ಎಂಬುದೊಂದು ಬೆಸ್ತರ ಊರು. ಅಲ್ಲಿ 1792ನೆಯ ಇಸವಿ ಅಕ್ಟೋಬರ್ 25ರಂದು ಜೀನ್ ಹುಟ್ಟಿದಳು. ಅದು ಮಹಾಕ್ರಾಂತಿಯ ಕಾಲ. ಕ್ರೈಸ್ತ ಮಠಗಳು ಮುಚ್ಚಿದ್ದುವು. ಹೊಸ ಸರಕಾರಕ್ಕೆ ಪ್ರಮಾಣಮಾಡಲೊಲ್ಲದ ಪಾದ್ರಿಗಳು ತಲೆಮರೆಸಿಕೊಂಡು ತಿರುಗುತ್ತಿದ್ದರು. ಮಠಗಳು ಮುಚ್ಚಿದುದರಿಂದ ಅವುಗಳ ಆಶ್ರಯದಲ್ಲಿದ್ದ ರೋಗಿಗಳೂ ವೃದ್ಧರೂ ದಿಕ್ಕಿಲ್ಲದವರಾದರು. ಜೀನ್ ನಾಲ್ಕು ವರ್ಷ ತುಂಬದ ಕೂಸಾಗಿದ್ದಾಗ ಮೀನು ಹಿಡಿಯಲು ಕಡಲಿಗೆ ಹೋದ ತಂದೆ ಮರಳಿ ಬರಲಿಲ್ಲ. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದಳು. ಹುಡುಗಿ ದನ ಕಾಯ್ದಳು, ನೂಲುವುದನ್ನೂ ಹೆಣೆಯುವುದನ್ನೂ ಕಲಿತಳು. ಹದಿನಾರರ ಸುಮಾರಿಗೆ ಒಂದು ಸಿರಿವಂತ ಮನೆತನದ ಅಡಿಗೆಮನೆಯಲ್ಲಿ ಚಾಕರಿಗೆ ನಿಂತಳು. ಆ ಮನೆಯ ಯಜಮಾನಿಯು ಬಡವರನ್ನೂ ರೋಗಿಗಳನ್ನೂ ನೋಡಲು ಹೋಗುವಾಗ ಈಕೆಯನ್ನು ಜೊತೆಯಲ್ಲಿ ಕರೆದೊಯ್ಯುತ್ತಿದ್ದಳು. ದಾನ ತೆಗೆದುಕೊಳ್ಳುವವರ ಮನಸ್ಸು ನೋಯದಂತೆ ಕೊಡುವ ಬಗೆಯನ್ನು ಜೀನ್ ಅಲ್ಲಿ ಕಂಡುಕೊಂಡಳೆಂದು ತೋರುತ್ತದೆ. ಒಬ್ಬ ನಾವಿಕ ತರುಣನು ಮದುವೆಯಾಗಬೇಕೆಂದು ಕೇಳಿದಾಗ ಆಕೆ ಒಪ್ಪಲಿಲ್ಲ. ತನ್ನ ಬಾಳು ಬೇರೊಂದು ಕೆಲಸಕ್ಕೆ ಮೀಸಲೆಂಬ ನಂಬಿಕೆ ಆಗಲೇ ಆಕೆಯ ಮನಸ್ಸಿನಲ್ಲಿ ಬೇರೂರಿತ್ತು. ಆ ಕೆಲಸವು ಇಂಥದೇ ಎಂದು ಗೊತ್ತಾಗುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿಗೂ ಮಿಕ್ಕು ಕಾಯಬೇಕಾಯಿತು.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆ ಹತ್ತಿರದ ಸೇಂಟ್ ಸರ್ವಾನ್ ಎಂಬ ರೇವುಪಟ್ಟಣಕ್ಕೆ ಬಂದು, ಅಲ್ಲಿಯ ಆಸ್ಪತ್ರೆಯಲ್ಲಿ ಆರು ವರ್ಷ ರೋಗಿಗಳ ಶುಶ್ರೂಷೆ ಮಾಡಿ, ದೇಹ ಬಳಲಿದುದರಿಂದ ಅದನ್ನು ಬಿಟ್ಟಳು. ಬಳಿಕ ಒಬ್ಬ ವಯಸ್ಸಾದ ಅವಿವಾಹಿತೆಯ ಮನೆಯಲ್ಲಿ ಆಕೆಯ ಮರಣದವರೆಗೆ, ಎಂದರೆ 1835ರವರೆಗೆ, ಹನ್ನೆರಡು ವರ್ಷ ಸೇವೆಮಾಡಿದಳು. ಆಮೇಲೆ ಫ್ರಾನ್ಸ್ವಾಸ್ ಓಬೆರ್ ಎಂಬ ಮುದುಕಿಯೊಡನೆ ಒಂದು ಮನೆಯ ಮೇಲಂತಸ್ತನ್ನು ಬಾಡಿಗೆಗೆ ಹಿಡಿದು, ದಿನಗೂಲಿಯಿಂದ ಜೀವನ ಸಾಗಿಸುತ್ತಿದ್ದಳು.

1839ರ ಚಳಿಗಾಲದಲ್ಲಿ ಆ ಸಂಗತಿ ನಡೆಯಿತು. ಆನ್ ಶೋವಾನ್ ಎಂಬ ಕುರುಡಿ ವಿಧವೆ, ಅರ್ಧಾಂಗವಾಯುವಿನಿಂದ ಬಳಲುತ್ತಿದ್ದವಳು, ಕೇಳುವವರಿಲ್ಲದೆ ಚಳಿಯಲ್ಲಿ ಬಿದ್ದಿದ್ದಳು. ಜೀನ್ ಆಕೆಯನ್ನು ತನ್ನ ಬಾಡಿಗೆಮನೆಗೆ ತಂದು, ಕಡಿದಾದ ಮೆಟ್ಟಲುಗಳನ್ನು ಹೊತ್ತುಕೊಂಡು ಹತ್ತಿ, ತನ್ನ ಹಾಸಿಗೆಯ ಮೇಲೆ ಮಲಗಿಸಿ, ತಾನು ಅಟ್ಟಕ್ಕೆ ಹೋಗಿ ಮಲಗಿದಳು. ಆಗ ಜೀನಳಿಗೆ ನಾಲ್ವತ್ತೇಳು ವರ್ಷ. ನೆರವಿಗೆ ಧನಿಕರಿರಲಿಲ್ಲ, ಸಂಘವಿರಲಿಲ್ಲ, ಲಿಖಿತವಾದ ನಿಯಮವೂ ಇರಲಿಲ್ಲ. ಇದ್ದುದೊಂದು ಹಾಸಿಗೆ, ಅದನ್ನು ಬಿಟ್ಟುಕೊಟ್ಟಳು. ಮುಂದೆ ಸಾವಿರಾರು ಸ್ತ್ರೀಯರು ಸೇರಿದ ಒಂದು ಮಹಾಸಂಸ್ಥೆಯ ತಳಹದಿಯು ಇದೇ ಆಯಿತು.

ಒಬ್ಬಳ ಹಿಂದೆ ಮತ್ತೊಬ್ಬಳು ಬಂದಳು. ಜೊತೆಯಲ್ಲಿ ದುಡಿಯಲು ಕೆಲವರು ತರುಣಿಯರೂ ಕೂಡಿದರು. 1841ರಲ್ಲಿ ದೊಡ್ಡದೊಂದು ಮನೆಯನ್ನು ಬಾಡಿಗೆಗೆ ಪಡೆದು ಹನ್ನೆರಡು ಮಂದಿ ವೃದ್ಧೆಯರನ್ನು ಇಟ್ಟುಕೊಂಡರು. ಮರುವರ್ಷ ಪಾಳುಬಿದ್ದಿದ್ದ ಹಳೆಯ ಮಠದ ಕಟ್ಟಡವೊಂದನ್ನು ಕೊಂಡರು, ಅಲ್ಲಿ ಸುಮಾರು ನಾಲ್ವತ್ತು ಮಂದಿಗೆ ಎಡೆ ದೊರೆಯಿತು. ಆದರೆ ಅವರಿಗೆ ಅನ್ನವೆಲ್ಲಿಂದ? ಈ ಮುದುಕಿಯರಲ್ಲಿ ಅನೇಕರು ಅದುವರೆಗೆ ಬೀದಿಯಲ್ಲಿ ಬೇಡಿ ತಿನ್ನುತ್ತಿದ್ದವರು. ಇನ್ನು ಮೇಲೆ ನೀವು ಹೋಗಬೇಡಿರಿ, ನಿಮ್ಮ ಬದಲು ನಾನು ಹೋಗುತ್ತೇನೆ ಎಂದು ಜೀನ್ ಬುಟ್ಟಿಯನ್ನು ಕೈಯಲ್ಲಿ ಹಿಡಿದಳು. ಅವರು ಯಾವ ಯಾವ ಮನೆಗಳಿಗೆ ಹೋಗುತ್ತಿದ್ದರೋ ಆ ಮನೆಗಳಿಗೇ ಹೋಗಿ ಮಿಕ್ಕ ರೊಟ್ಟಿ, ಹಳೆಯ ಬಟ್ಟೆ, ಚಿಲ್ಲರೆ ನಾಣ್ಯ, ಕೊಟ್ಟುದನ್ನೆಲ್ಲ ತಂದಳು.

ಜೋಳಿಗೆಯ ಅನ್ನವನ್ನು ಹೀನವೆಂದೆಣಿಸದ ನಾಡು ನಮ್ಮದು. ಯತಿಯ ಭಿಕ್ಷೆಯೂ ವಿದ್ಯಾರ್ಥಿಯ ವಾರಾನ್ನವೂ ನಮಗೆ ಪರಿಚಿತವಾದುವು. ಆದರೂ ಸ್ವಾಭಿಮಾನಿಯಾದ ಬ್ರಿಟನಿಯ ಹೆಂಗಸಿಗೆ, ಬಾಲ್ಯದಿಂದಲೂ ದುಡಿದೇ ಉಂಡವಳಿಗೆ, ಇದು ಸುಲಭವಾಗಿರಲಿಲ್ಲ. ಒಮ್ಮೆ ಒಬ್ಬನು ಸಿಡುಕಿ ಕೆನ್ನೆಗೆ ಹೊಡೆದಾಗ, ಈ ಏಟು ನನಗಾಯಿತು, ಈಗ ನನ್ನ ಬಡವರಿಗೆ ಏನಾದರೂ ಕೊಡಿರಿ ಎಂದು ಆಕೆ ಕೇಳಿದಳೆಂಬ ಕಥೆಯೊಂದು ಪ್ರಚಾರದಲ್ಲಿದೆ.

ಇಲ್ಲಿಯವರೆಗಿನದು ಸೇವೆಯ ಕಥೆ. ಮುಂದಿನದು ಅನ್ಯಾಯದ ಕಥೆ. ಈ ಸಣ್ಣ ಗುಂಪಿಗೆ ಗುರುವಾಗಿದ್ದ ಲ ಪಾಯ್ಯೂರ್ ಎಂಬ ತರುಣ ಪಾದ್ರಿಯು ಮೊದಲಲ್ಲಿ ನೆರವಾದುದು ನಿಜ. 1843ರ ಡಿಸೆಂಬರ್ 8ರಂದು ಸೋದರಿಯರು ಜೀನಳನ್ನೇ ಮತ್ತೆ ತಮ್ಮ ಮುಖ್ಯಳನ್ನಾಗಿ ಆರಿಸಿಕೊಂಡರು. ಹದಿನೈದು ದಿನಗಳ ಮೇಲೆ, 23ರಂದು, ಪಾದ್ರಿಯು ಆ ಚುನಾವಣೆಯನ್ನು ರದ್ದುಮಾಡಿ, ಇಪ್ಪತ್ತಮೂರು ವಯಸ್ಸಿನ ಮೇರಿ ಜಾಮೆ ಎಂಬಾಕೆಯನ್ನು ಆ ಸ್ಥಾನದಲ್ಲಿ ಕುಳ್ಳಿರಿಸಿದನು. ಜೀನ್ ಎದುರಾಡದೆ ಬುಟ್ಟಿಯನ್ನೆತ್ತಿಕೊಂಡು ಹೊರಟಳು. ರೆನ್, ದಿನಾನ್, ತೂರ್, ಆಂಜೇ ಮುಂತಾದ ಪಟ್ಟಣಗಳಲ್ಲಿ ಹೊಸ ಮನೆಗಳು ಹುಟ್ಟಿ ಬೆಳೆಯಲು ಆಕೆಯ ತಿರುಗಾಟವೇ ಆಧಾರವಾಯಿತು. ಆದರೆ 1852ರಲ್ಲಿ ಬಿಷಪ್ಪರ ಒಪ್ಪಿಗೆಯಿಂದ ಸಂಸ್ಥೆಗೆ ವಿಧಿವತ್ತಾದ ರೂಪ ಬಂದೊಡನೆ ಪಾದ್ರಿಯು ಆಕೆಯನ್ನು ಮೂಲಮಠಕ್ಕೆ ಕರೆಯಿಸಿ, ಹೊರಗಿನ ದಾನಿಗಳೊಡನೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳಕೂಡದೆಂದು ವಿಧಿಸಿದನು. ಆಗ ಆಕೆಗೆ ಅರುವತ್ತು ವರ್ಷ. ಮುಂದಿನ ಇಪ್ಪತ್ತೇಳು ವರ್ಷಗಳನ್ನು ಆಕೆ ಮಠದ ಮರೆಯಲ್ಲಿಯೇ ಕಳೆದಳು. ಸಂಸ್ಥಾಪಕನೆಂಬ ಗೌರವವು ಪಾದ್ರಿಗೆ ಸಲ್ಲುತ್ತಿತ್ತು. ಜೀನ್ ಮೂರನೆಯವಳಾಗಿ ಬಂದು ಸೇರಿದವಳೆಂದು ಹೊಸ ಸೋದರಿಯರಿಗೆ ಹೇಳಲಾಗುತ್ತಿತ್ತು. ತಮ್ಮೊಡನೆ ಕೋಲೂರಿಕೊಂಡು ನಡೆಯುತ್ತಿದ್ದ ಆ ಮುದುಕಿ ಯಾರೆಂಬುದನ್ನು ಅವರಲ್ಲಿ ಬಹುಮಂದಿ ಅರಿಯರು.

ಆದರೂ ಒಂದು ಸಲ ಆಕೆಯ ಮಾತು ಬೇಕಾಯಿತು. 1865ರಲ್ಲಿ ಸಂಸ್ಥೆಯು ಸ್ಥಿರವಾದ ವರಮಾನವನ್ನು ಸ್ವೀಕರಿಸಬಹುದೇ ಎಂಬ ಚರ್ಚೆ ಹುಟ್ಟಿತು. ಜೀನಳನ್ನೂ ಸಭೆಗೆ ಕರೆದರು. ನಾಳಿನ ಅನ್ನವನ್ನು ದೇವರಿಗೂ ನೆರೆಯವರಿಗೂ ಬಿಟ್ಟು ನಡೆದುಬಂದಿದ್ದೇವೆ, ಹಾಗೆಯೇ ನಡೆಯೋಣ ಎಂಬುದು ಆಕೆಯ ಅಭಿಪ್ರಾಯ. ಸಭೆಯು ಅದನ್ನೇ ನಿಶ್ಚಯಿಸಿತು. ಬುಟ್ಟಿಯು ಬಡತನದ ಗುರುತು ಮಾತ್ರವಾಗಿರಲಿಲ್ಲ. ಊರಿನವರನ್ನೆಲ್ಲ ಧರ್ಮದಲ್ಲಿ ಪಾಲುಗಾರರನ್ನಾಗಿ ಮಾಡುವ ಸಾಧನವೂ ಆಗಿತ್ತು. ಇದನ್ನು ಆಕೆಯಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು?

1879ರ ಆಗಸ್ಟ್ 29ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಜೀನ್ ತೀರಿಕೊಂಡಳು. ಆ ವರ್ಷವೇ ಪೋಪ್ ಹದಿಮೂರನೆಯ ಲಿಯೋ ಅವರು ಸಂಸ್ಥೆಯ ನಿಯಮಾವಳಿಯನ್ನು ಅನುಮೋದಿಸಿದ್ದರು. ಸೋದರಿಯರ ಸಂಖ್ಯೆಯು ಸುಮಾರು 2,400 ಆಗಿತ್ತು. ಹನ್ನೊಂದು ವರ್ಷಗಳ ಮೇಲೆ, 1890ರಲ್ಲಿ, ವಿಚಾರಣೆ ನಡೆದು, ಪಾದ್ರಿಯನ್ನು ಅಧಿಕಾರದಿಂದ ತೆಗೆದು ರೋಮಿಗೆ ಕರೆಯಿಸಿಕೊಂಡರು.

ಮುಚ್ಚಿದ ಸತ್ಯವು ಬೆಳಕಿಗೆ ಬಂದುದು ಹೇಗೆ? ಇಲ್ಲಿಯೇ ಚರಿತ್ರೆಯನ್ನು ಪ್ರೀತಿಸುವವರು ಗಮನಿಸತಕ್ಕ ಅಂಶವುಂಟು. ಜೀನ್ ಪದಚ್ಯುತಳಾದ ಬಳಿಕ ಸೇಂಟ್ ಸರ್ವಾನಿನ ಪೌರರು ಒಂದು ವಿಜ್ಞಾಪನೆಯನ್ನು ಬರೆದು, ತಮ್ಮ ಊರಿನಲ್ಲಿ ಈ ಬಡ ಆಳುಮಗಳು ಮಾಡಿದ ಕಾರ್ಯವನ್ನು ಪ್ಯಾರಿಸ್ಸಿನ ಫ್ರೆಂಚ್ ಅಕಾಡೆಮಿಗೆ ತಿಳಿಸಿದ್ದರು. ಬಡವರ ಸದ್ಗುಣಕ್ಕಾಗಿ ಮೀಸಲಾದ ಮೋಂತಿಯೋನ್ ಬಹುಮಾನವನ್ನು, ಮೂರು ಸಾವಿರ ಫ್ರಾಂಕುಗಳನ್ನು, ಅಕಾಡೆಮಿಯು 1845ರ ಡಿಸೆಂಬರಿನಲ್ಲಿ ಜೀನಳಿಗೆ ಕೊಟ್ಟಿತು; ದ್ಯುಪಾನ್ ಎಂಬ ಪ್ರಸಿದ್ಧ ನ್ಯಾಯವಾದಿಯು ತುಂಬಿದ ಸಭೆಯಲ್ಲಿ ಆಕೆಯ ಚರಿತ್ರೆಯನ್ನು ಹೇಳಿದನು. ಮಠದೊಳಗಿನ ಕಥೆಯನ್ನು ತಿದ್ದಬಹುದಾಗಿತ್ತು. ಊರವರು ಕಣ್ಣಾರೆ ಕಂಡು ಬರೆದು ಕಳುಹಿಸಿದ ಸಾಕ್ಷ್ಯವನ್ನು ತಿದ್ದಲಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ಹಳೆಯ ಕಾಗದಗಳನ್ನು ಶೋಧಿಸಿದಾಗ ಆ ಸಾಕ್ಷ್ಯವು ಜೀನಳ ಪಕ್ಷದಲ್ಲಿ ನಿಂತಿತು. 1982ರಲ್ಲಿ ಆಕೆಯನ್ನು ಧನ್ಯಳೆಂದೂ, 2009ರ ಅಕ್ಟೋಬರ್ 11ರಂದು ಸಂತಳೆಂದೂ ರೋಮಿನಲ್ಲಿ ಘೋಷಿಸಿದರು.

ಬಡವರ ಕಿರಿಯ ಸೋದರಿಯರೆಂಬ ಹೆಸರಿನ ಈ ಸಂಘವು 1882ರಲ್ಲಿ ಕಲ್ಕತ್ತೆಗೆ ಬಂದಿತು. ನಮ್ಮ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಅದರ ವೃದ್ಧಾಶ್ರಮವಿದೆ. ಆ ದಾರಿಯಲ್ಲಿ ಹೋಗುವವರಲ್ಲಿ, ಅದರ ಮೂಲವು ಬ್ರಿಟನಿಯ ಒಂದು ಬಾಡಿಗೆಮನೆಯ ಮೆಟ್ಟಲುಗಳೆಂದು ಬಲ್ಲವರು ವಿರಳ.

ತನ್ನ ಕೆಲಸವನ್ನು ಕಸಿದುಕೊಂಡವರಿಗೆ ಅದನ್ನು ಮನಃಪೂರ್ವಕವಾಗಿ ಕೊಟ್ಟಿರುವೆನೆಂದು ಜೀನ್ ನಗುತ್ತ ಹೇಳಿದಳಂತೆ. ಆಕೆಯ ಕ್ಷಮೆ ಆಕೆಗೆ ಶೋಭೆ. ಆದರೆ ಚರಿತ್ರೆಗೆ ಹಾಗೆ ಕೊಟ್ಟುಬಿಡುವ ಅಧಿಕಾರವಿಲ್ಲ. ನಮ್ಮ ಊರುಗಳಲ್ಲಿಯೂ ಅನಾಥರ ಬಾಣಂತನ ಮಾಡಿದವರು, ಸಾಂಕ್ರಾಮಿಕದ ದಿನಗಳಲ್ಲಿ ನೆರೆಯ ರೋಗಿಗೆ ಗಂಜಿ ಕಾಯಿಸಿ ಕೊಟ್ಟವರು ಎಷ್ಟೋ ಮಂದಿ ಹೆಂಗಸರು ಆಗಿಹೋಗಿದ್ದಾರೆ. ಅವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅವರನ್ನು ಕಂಡ ಹಿರಿಯರು ಇನ್ನೂ ಇರುವಾಗಲೇ ಕೇಳಿ ಬರೆದಿಡುವುದು ಅಕ್ಷರ ಬಲ್ಲ ಮನೆಗಳ ಕರ್ತವ್ಯ. ಸೇಂಟ್ ಸರ್ವಾನಿನ ಪೌರರು ಅಷ್ಟನ್ನು ಮಾಡಿದ್ದರಿಂದಲೇ ಒಬ್ಬ ಅಡಿಗೆಯವಳ ಹೆಸರು ನಮ್ಮವರೆಗೆ ಬಂದು ಮುಟ್ಟಿತು.