ಜೈಲಿನಲ್ಲಿರುವವರಿಗೆ ಮನೆಯ ಸಾವಿನ ಸುದ್ದಿ ಮುಚ್ಚಿಡುವುದು ಒಳ್ಳೆಯದೇ?

“ಅಪ್ಪ ತೀರಿಕೊಂಡಿದ್ದು ಜೈಲಿನಲ್ಲಿರುವ ಅವನಿಗೆ ಗೊತ್ತಾಗೋದು ಬೇಡ. ಹೇಗೂ ಹೊರಗೆ ಬಿಡಲ್ಲ, ಅಲ್ಲೇ ಏನಾದರೂ ಮಾಡಿಕೊಂಡರೆ?” ಕಾಳಜಿಯಿಂದಲೇ ಬರುವ ಮಾತಿದು. ಆದರೆ ಇದು ಎಷ್ಟು ನಿಜ?

‘ಹೊರಗೆ ಬಿಡಲ್ಲ’ ಎನ್ನುವುದು ತಪ್ಪು. ಶಿಕ್ಷೆಯಾಗಿರುವ ಕೈದಿ ಹತ್ತಿರದವರು ಸತ್ತಾಗ ಪೆರೋಲ್ ಕೇಳಬಹುದು. ಕೇಸು ಇನ್ನೂ ನಡೆಯುತ್ತಿರುವ ವಿಚಾರಣಾಧೀನ ಕೈದಿಗೆ ಪೆರೋಲ್ ಇಲ್ಲ. ಅವರ ವಕೀಲರು ನ್ಯಾಯಾಲಯದಲ್ಲಿ ಮಧ್ಯಂತರ ಜಾಮೀನು ಅಥವಾ ಪೊಲೀಸ್ ಬೆಂಗಾವಲಿನಲ್ಲಿ ಹೋಗಿಬರಲು ಅನುಮತಿ ಕೇಳಬೇಕು. ಎನ್‌ಸಿಆರ್‌ಬಿ ಅಂಕಿಅಂಶದಂತೆ 2022ರಲ್ಲಿ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರೇ. ಹಾಗಾಗಿ ಹೆಚ್ಚಿನ ಕುಟುಂಬಗಳು ಮೊದಲು ಫೋನ್ ಮಾಡಬೇಕಾದದ್ದು ವಕೀಲರಿಗೆ. ವಕೀಲರೇ ಇಲ್ಲವೇ? ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಅನುಮತಿ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಆದರೆ ಅದೇ ದಿನ ಮಣ್ಣು ಮಾಡುವ ನಮ್ಮಲ್ಲಿ, ಸುದ್ದಿ ಮುಚ್ಚಿಟ್ಟರೆ ಕೊನೆಯ ಸಲ ಮುಖ ನೋಡುವ ಅವಕಾಶವನ್ನು ಮನೆಯವರೇ ಕಳೆದಂತೆ. ಅದು ತಪ್ಪಿದರೂ ಹನ್ನೊಂದನೇ ದಿನದ ಕಾರ್ಯಕ್ಕೆ ಕೇಳಬಹುದು.

ಇನ್ನು ‘ಏನಾದರೂ ಮಾಡಿಕೊಂಡರೆ’ ಎಂಬ ಭಯ. ಇದು ಸುಳ್ಳಲ್ಲ. 2022ರಲ್ಲಿ ದೇಶದ ಜೈಲುಗಳಲ್ಲಿ ಆದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆ. ಆದರೆ ಮುಚ್ಚಿಟ್ಟ ಸುದ್ದಿ ಉಳಿಯುವುದಿಲ್ಲ. ಅದೇ ಊರಿಂದ ಬಂದ ಇನ್ನೊಬ್ಬ ಕೈದಿ ಒಂದು ದಿನ ಹೇಳಿಬಿಡುತ್ತಾನೆ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಹೇಳುವ ಮುಂಚೆ ಜೈಲಿನ ಅಧೀಕ್ಷಕರಿಗೋ ವೈದ್ಯರಿಗೋ ತಿಳಿಸಿ. ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ ಎಂದು ಕೇಳಿಕೊಳ್ಳಿ. ಸಾಧ್ಯವಿದ್ದರೆ ಭೇಟಿಯಲ್ಲೇ ಹೇಳಿ. ‘ಹುಷಾರಿಲ್ಲ’ ಎಂದು ಸುತ್ತಿ ಬಳಸದೆ, ತೀರಿಕೊಂಡರು ಎಂದೇ ಹೇಳಿ. ಅಳಲು ಬಿಡಿ. ಬ್ಯಾರಕ್‌ನಲ್ಲಿ ಅತ್ತರೆ ಅಳುಬುರುಕ ಎನಿಸಿಕೊಳ್ಳಬೇಕು, ಹೊರಗಿನವರಿಗೆ ‘ಕೈದಿಗೆಂಥ ದುಃಖ’. ಸಮಾಜ ಹೀಗೆ ಒಪ್ಪಿಕೊಳ್ಳದ ದುಃಖಕ್ಕೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಒಂದು ಹೆಸರು ಕೊಟ್ಟರು: ಹಕ್ಕು ನಿರಾಕರಿಸಿದ ದುಃಖ.

500 ಕೈದಿಗಳಿಗೆ ಒಬ್ಬ ಆಪ್ತಸಮಾಲೋಚಕರು ಇರಬೇಕೆಂದು 2016ರ ಮಾದರಿ ಜೈಲು ಕೈಪಿಡಿ ಹೇಳುತ್ತದೆ. ಎಲ್ಲ ಜೈಲಿನಲ್ಲೂ ಇಲ್ಲ, ಆದರೂ ಕೇಳಿ ನೋಡಿ. ಹೊರಗಿರುವ ನಿಮಗೂ ತಡೆಯಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.