ಮರಳುಕ್ಕಿದ ನೆಲ: 1934ರ ಬಿಹಾರ ಭೂಕಂಪ

1934ರ ಜನವರಿ 15ರಂದು ಮಧ್ಯಾಹ್ನ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಬಿಹಾರ ಮತ್ತು ನೇಪಾಳಗಳನ್ನು ನಡುಗಿಸಿದ ಭೂಕಂಪವು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಗಂಗೆಯ ದಡದ ಮುಂಗೇರ್ ಪಟ್ಟಣದಲ್ಲಿ ಕಟ್ಟಡಗಳು ಕುಸಿದು ಜನರನ್ನು ಹೂತುಹಾಕಿದವು. ಆದರೆ ನದಿಯ ಉತ್ತರಕ್ಕೆ, ಸೀತಾಮಢಿ, ಮಧುಬನಿ, ಪೂರ್ಣಿಯಾಗಳ ಕಡೆ ಕಂಡುಬಂದ ಹಾನಿಯ ಬಗೆಯೇ ಬೇರೆ. ಅಲ್ಲಿ ಅನೇಕ ಮನೆಗಳು ವಾಲಿ ನೆಲದೊಳಕ್ಕೆ ಇಳಿದವು. ಬಿರುಕುಗಳಿಂದ ನೀರೂ ಮರಳೂ ಚಿಮ್ಮಿದವು.

ಇದನ್ನು ಇಂದು ಮಣ್ಣಿನ ದ್ರವೀಕರಣವೆನ್ನುತ್ತಾರೆ. ಹಿಮಾಲಯದ ನದಿಗಳು ತಂದು ಹರಡಿದ ಸಡಿಲ ಮರಳಿನ ಪದರಗಳಲ್ಲಿ ಕಣಗಳ ನಡುವಿನ ತೆರಪನ್ನೆಲ್ಲ ಅಂತರ್ಜಲ ತುಂಬಿರುತ್ತದೆ. ಭೂಮಿ ಅಲುಗಿದಾಗ ಕಣಗಳು ಒತ್ತಾಗಲು ಹವಣಿಸುತ್ತವೆ. ಹೊರಹೋಗಲು ಸಮಯವಿಲ್ಲದ ನೀರಿನ ಒತ್ತಡ ಏರುತ್ತದೆ. ಆಗ ಕಣಕ್ಕೆ ಕಣದ ಆಸರೆ ತಪ್ಪಿ, ನೆಲವು ಕೆಲವು ಕ್ಷಣ ದ್ರವದಂತೆ ವರ್ತಿಸುತ್ತದೆ. ಭಾರವಾದದ್ದು ಮುಳುಗುತ್ತದೆ, ಒತ್ತಡಕ್ಕೆ ಸಿಕ್ಕ ನೀರು ಮರಳನ್ನು ಹೊತ್ತು ಮೇಲಕ್ಕೆ ನುಗ್ಗುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡನ್, ಆಡೆನ್ ಮೊದಲಾದ ಅಧಿಕಾರಿಗಳು ಈ ಪ್ರದೇಶವನ್ನು ಪರಿಶೀಲಿಸಿ, 1939ರಲ್ಲಿ ವಿಸ್ತೃತ ವರದಿಯನ್ನು ಪ್ರಕಟಿಸಿದರು. ಸುಮಾರು 300 ಕಿಲೋಮೀಟರ್ ಉದ್ದದ ಈ ಭೂಭಾಗವನ್ನು ಅವರು ‘ಕುಸಿತದ ಪಟ್ಟಿ’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ನೆಲದ ವಿಕಾರ ಅತಿಯಾಗಿ ಕಂಡ ಈ ಬಯಲಿನಲ್ಲಿಯೇ ಕಂಪನದ ಮೂಲವೂ ಇರಬೇಕೆಂದು ಅಂದು ಭಾವಿಸಲಾಯಿತು. ಮುಂದೆ ಕಂಪನಮಾಪಕಗಳ ದಾಖಲೆಗಳನ್ನು ಮರುಪರಿಶೀಲಿಸಿದಾಗ ಮೂಲವು ದೂರದ ಪೂರ್ವ ನೇಪಾಳದಲ್ಲಿದ್ದುದು ತಿಳಿಯಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ನೇಪಾಳದ ತಪ್ಪಲಿನಲ್ಲಿ ಅಂದಿನ ಭೂಬಿರುಕಿನ ಕುರುಹುಗಳನ್ನೇ ತೋರಿಸಿತು. ಗಾಯವಾದ ಜಾಗ ಬೇರೆ, ಏಟು ಹುಟ್ಟಿದ ಜಾಗ ಬೇರೆ.

ಕಾರಣದ ಪ್ರಶ್ನೆ ಅಂದು ವಿಜ್ಞಾನಿಗಳಲ್ಲಿ ಮಾತ್ರ ಉಳಿಯಲಿಲ್ಲ. ಈ ವಿಪತ್ತು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಖಂಡಿಸುವುದರಲ್ಲಿ ಅವರೊಡನಿದ್ದ ರವೀಂದ್ರನಾಥ ಠಾಕೂರರು, ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕೆಂದು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ, ಫೆಬ್ರುವರಿ 16ರ ಸಂಚಿಕೆಯಲ್ಲಿ, ಪ್ರಕಟಿಸಿದರು. ಸಾಹಿತ್ಯಚರಿತ್ರೆಯಲ್ಲಿ ಈ ಸಂವಾದ ಪ್ರಸಿದ್ಧವಾಗಿದೆ. ಅದು ಯಾವ ನೆಲದ ಬಗ್ಗೆ ನಡೆಯಿತೋ ಆ ನೆಲದ ಕಥೆ ಮಾತ್ರ ಅಷ್ಟಾಗಿ ಓದುಗರ ಕಣ್ಣಿಗೆ ಬಿದ್ದಿಲ್ಲ.

ಆ ಕಥೆಯನ್ನು ಸಾವಿನ ಲೆಕ್ಕವೊಂದೇ ಹೇಳಲಾರದು. ಬದುಕುಳಿದ ರೈತನ ಹೊಲವನ್ನು ಮರಳು ಮುಚ್ಚಿತ್ತು. ಬಾವಿಗಳು ಮರಳಿನಿಂದ ಹೂಳಿದ್ದವು. ಸಕ್ಕರೆ ಕಾರ್ಖಾನೆಗಳು ಹಾಳಾದುದರಿಂದ ಕಟಾವಿಗೆ ಬಂದ ಕಬ್ಬು ಗದ್ದೆಯಲ್ಲೇ ನಿಂತಿತ್ತು. ಹೆಣಗಳ ಎಣಿಕೆಯಿಂದ ವಿಪತ್ತನ್ನು ಅಳೆಯುವ ಚರಿತ್ರಕಾರನಿಗೆ ಈ ನಷ್ಟ ಕಾಣಿಸುವುದಿಲ್ಲ. ಅನ್ನ ನೀರುಗಳ ಲೆಕ್ಕ ಹಿಡಿದವನಿಗೆ ಮಾತ್ರ ಅದು ಗೋಚರಿಸುತ್ತದೆ.

ಒಮ್ಮೆ ದ್ರವಿಸಿದ ಮರಳು ಮತ್ತೆ ದ್ರವಿಸಬಲ್ಲದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2010 ಮತ್ತು 2011ರ ಭೂಕಂಪಗಳಲ್ಲಿ ಅವವೇ ಬಡಾವಣೆಗಳ ನೆಲ ಮರಳಿ ಮರಳಿ ಉಕ್ಕಿತು. ಉತ್ತರ ಬಿಹಾರದ ಬಯಲಿನಲ್ಲಿ ಇಂದು ಜನರೂ ಕಟ್ಟಡಗಳೂ 1934ಕ್ಕಿಂತ ಬಹುಪಾಲು ಹೆಚ್ಚಿವೆ. ಕೆಳಗಿನ ಮರಳು ಮಾತ್ರ ಅದೇ. ಆದುದರಿಂದ ಆ ಹಳೆಯ ವರದಿಯ ನಕ್ಷೆಯನ್ನು ಚರಿತ್ರೆಯ ವಿದ್ಯಾರ್ಥಿ ಗತದ ದಾಖಲೆಯೆಂದು ಓದಬಹುದು. ಅಲ್ಲಿ ಮನೆ ಕಟ್ಟುವವನು ಅದನ್ನು ಎಚ್ಚರಿಕೆಯ ಪತ್ರವೆಂದೇ ಓದಬೇಕು.